ಮನುಷ್ಯ, ಮೂಟೆ ಸೇರಿ ಇನ್ನೂರೈವತ್ತು ಪೌಂಡು

ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಗರಗಸದಿಂದ ಕತ್ತರಿಸುವ ಗಂಡನನ್ನು ಕಟ್ಟಿಕೊಂಡು ಸಂಸಾರ ಮಾಡುವುದು ಹೇಗೆ ಎಂದು ಲೋರೇನ್ ಬೆಳಗಿನಿಂದ ಕೇಳುತ್ತಲೇ ಇದ್ದಳು. ವೆಂಡೆಲ್ ಗರಗಸ ಎಳೆಯುತ್ತಲೇ ಇದ್ದ. ಮಹಾಕಾರ್ಯದಲ್ಲಿ ತೊಡಗಿದವರು ಹೆಂಡತಿಯ ಮಾತಿಗೆ ಕಿವಿಗೊಡುವುದಿಲ್ಲ. (ಕಿವಿಗೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಅದು ಬೇರೆ ಮಾತು.)

ಮಹಾಕಾರ್ಯವೆಂದರೆ ಮೂಸ್ ಬೇಟೆ. ಅಲಾಸ್ಕಾದ ಆ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಗಂಡು ಹೆಣ್ಣೆನ್ನದೆ ಎಲ್ಲರೂ ಬಂದೂಕಿಗೆ ಎಣ್ಣೆ ಹಚ್ಚಿ ಕಾಡಿಗೆ ಹೊರಡುತ್ತಾರೆ. ಮೂಸ್ ಜಿಂಕೆಯ ಜಾತಿಯದು, ಕುದುರೆಗಿಂತ ಎತ್ತರದ ಪ್ರಾಣಿ. ಒಂದು ಬಿದ್ದರೆ ಚಳಿಗಾಲವಿಡೀ ಊಟದ ಯೋಚನೆಯಿಲ್ಲ. ವೆಂಡೆಲ್ ಮಾತ್ರ ಎರಡು ವರ್ಷದಿಂದ ಬರಿಗೈಯಲ್ಲಿ ಬಂದಿದ್ದ. ಮೊದಲ ವರ್ಷ ಗಾಳಿಯದ್ದು ತಪ್ಪು, ಎರಡನೆಯ ವರ್ಷ ಮೂಸ್‌ನದೇ ತಪ್ಪು. ಮನೆಯವರು ಎರಡೂ ಚಳಿಗಾಲವನ್ನು ಡಬ್ಬಿಯ ಮೀನು ತಿಂದು ಕಳೆದಿದ್ದರು. ಈ ಸಲವೂ ಹಾಗಾದರೆ ಊರಿನಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಅದಕ್ಕೇ ರಸ್ತೆಯೇ ಇಲ್ಲದ ದೂರದ ಸರೋವರಕ್ಕೆ ಪುಟ್ಟ ವಿಮಾನದಲ್ಲಿ ಹೋಗುವುದೆಂದು ನಿಶ್ಚಯಿಸಿದ್ದ. ಲೋರೇನಳ ತಮ್ಮ ಡಾರೆಲ್ ಹಿಂದಿನ ದಿನವೇ ಹೋಗಿ ಗುಡಾರ ಹಾಕಿಕೊಂಡು ಕಾಯುತ್ತಿದ್ದ.

ನೀರಿನ ಮೇಲೆ ಇಳಿಯುವ ಆ ವಿಮಾನದ ಮಾಲೀಕ ಮುದುಕ ಕ್ಲೈಡ್. ಅವನದು ಒಂದೇ ನಿಯಮ: ಮನುಷ್ಯ, ಮೂಟೆ ಎಲ್ಲ ಸೇರಿ ಇನ್ನೂರೈವತ್ತು ಪೌಂಡು, ಮೇಲೆ ಒಂದು ಗುಂಜಿಯೂ ಇಲ್ಲ.

"ನಿನ್ನ ತೂಕ ಎಷ್ಟಪ್ಪ?" ಎಂದು ಅವನು ಫೋನಿನಲ್ಲಿ ಕೇಳಿದ್ದ.

ವೆಂಡೆಲ್ ಜೇಬಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿ, "ನೂರ ಎಂಬತ್ತೈದು" ಎಂದಿದ್ದ. ಸರ್ಕಾರವೇ ಅಚ್ಚು ಹಾಕಿಸಿಕೊಟ್ಟ ತೂಕ. (ಮದುವೆಯ ವರ್ಷ ಬರೆಸಿದ್ದು. ಆಮೇಲೆ ಪ್ರತಿ ಸಲ ನವೀಕರಿಸುವಾಗಲೂ ಅದನ್ನೇ ಬರೆಸುತ್ತ ಬಂದಿದ್ದ. ಲೈಸೆನ್ಸಿನಲ್ಲಿ ನಿಜವಾದ ತೂಕ ಬರೆಸಿದವರು ಆ ಊರಿನಲ್ಲಿ ಯಾರೂ ಇಲ್ಲ.) ಹಾಗಾಗಿ ಮೂಟೆಗೆ ಉಳಿದದ್ದು ಅರವತ್ತೈದು ಪೌಂಡು.

"ಈ ಬಟ್ಟೆ ಚೀಲ ಎಲ್ಲ ಯಾಕೆ?" ಎಂದು ವೆಂಡೆಲ್ ಮೂಟೆಯಿಂದ ಒಂದೊಂದಾಗಿ ಎಳೆದು ಆಚೆಗೆಸೆದ.

"ಮಾಂಸ ತುಂಬೋಕೆ. ನೊಣ ಮುತ್ತಬಾರದಲ್ಲ."

"ಸುಮ್ನೆ ಭಾರ."

"ಮತ್ತೆ ಮಾಂಸಾನ ಟೋಪೀಲಿ ತುಂಬ್ಕೊಂಡು ಬರ್ತೀಯಾ?"

"ಮೊದ್ಲು ಮೂಸ್ ಬೀಳಲಿ, ಆಮೇಲೆ ಚೀಲದ ಮಾತು."

"ಅಲ್ಲಿಗೆ ನಿನಗೇ ನಂಬಿಕೆ ಇಲ್ಲ ಅಂತಾಯ್ತು" ಎಂದು ಲೋರೇನ್ ಆ ಚೀಲಗಳನ್ನು ಮಡಚಿ ಎತ್ತಿಕೊಂಡು ಹೊರಗೆ ಟ್ರಕ್ಕಿನ ಕಡೆ ಹೋದಳು.

ವೆಂಡೆಲ್ ಒಳಚಡ್ಡಿಗಳ ಪಟ್ಟಿಯಲ್ಲಿದ್ದ ಚೀಟಿಗಳನ್ನು ಕತ್ತರಿಸಿದ. ಬೆಂಕಿಕಡ್ಡಿಗಳಲ್ಲಿ ಅರ್ಧ ತೆಗೆದಿಟ್ಟ. ಇಷ್ಟಾದರೂ ತಿಂಡಿಯ ಪೊಟ್ಟಣಗಳು ತೂಕಕ್ಕೆ ಮೀರಿದವು. ಚಾಕಲೇಟು, ಒಣಮಾಂಸ, ಉಪ್ಪು ಹಾಕಿದ ಹಂದಿಮಾಂಸದ ಬೇಕನ್ ಒಂದು ಕಟ್ಟು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತು ಚಾಕಲೇಟನ್ನೂ ಒಣಮಾಂಸವನ್ನೂ ಮುಗಿಸಿದ. ಬೇಕನ್ನನ್ನು ಹುರಿದುಕೊಂಡು ತಿಂದ. ಮೂಟೆ ಎಷ್ಟು ಹಗುರವಾಯಿತೆಂದು ತನ್ನನ್ನು ತಾನೇ ಮೆಚ್ಚಿಕೊಂಡ.

ವಿಮಾನ ಹೊರಡುವ ಊರಿನ ಸರೋವರದ ಕಟ್ಟೆಯ ಮೇಲೆ ಕ್ಲೈಡ್‌ನ ತಕ್ಕಡಿ ಕಾದಿತ್ತು, ದನದ ಹಿಂಡಿಯ ಮೂಟೆ ಇಟ್ಟು ತೂಗುವ ಹಲಗೆಯಂಥದು. ಮೂಟೆ ಸರಿಯಾಗಿ ಅರವತ್ತೈದು ತೂಗಿತು. ವೆಂಡೆಲ್ ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಅವಳು ಗಂಡನನ್ನು ಬೀಳ್ಕೊಡಲು ಮನೆಯ ತೆಳು ಬಟ್ಟೆಯಲ್ಲಿಯೇ ಟ್ರಕ್ಕಿನಲ್ಲಿ ಜೊತೆಗೆ ಬಂದಿದ್ದಳು.

"ಈಗ ನೀನು ಹತ್ತು" ಎಂದ ಕ್ಲೈಡ್.

"ನಾನು ಹೇಳಿದ್ದೆನಲ್ಲ?"

"ಹೇಳಿದ್ದೆ. ಹತ್ತು."

ಮುಳ್ಳು ನೂರ ಎಂಬತ್ತೈದನ್ನು ದಾಟಿ, ಇನ್ನೂರನ್ನೂ ದಾಟಿ ಓಡಿ, ಇನ್ನೂರ ಮೂವತ್ತರ ಹತ್ತಿರ ನಡುಗುತ್ತ ನಿಂತಿತು. ಯಾರೋ ಹಿಂದಿನಿಂದ ತಕ್ಕಡಿ ತುಳಿದಿರಬೇಕೆಂದು ವೆಂಡೆಲ್ ತಿರುಗಿ ನೋಡಿದ. ಯಾರೂ ಇರಲಿಲ್ಲ.

"ನಿಮ್ಮ ತಕ್ಕಡಿ ಕೆಟ್ಟಿದೆ" ಎಂದ.

"ಮೂಟೆಗೆ ಸರಿಯಾಗೇ ಇತ್ತಲ್ಲ."

"ಬೂಟಿನ ಭಾರ ಇರಬೇಕು." ಬೂಟು ಬಿಚ್ಚಿದ. ಮುಳ್ಳು ಸ್ವಲ್ಪ ಅಲ್ಲಾಡಿತು. ಉಣ್ಣೆಯ ಕೋಟು ಬಿಚ್ಚಿದ. ಉಣ್ಣೆಯ ಪ್ಯಾಂಟೂ ಬಿಚ್ಚಿ ಆಚೆಗಿಟ್ಟ. ಮೈಗಂಟಿದ ಕೆಂಪು ಒಳ ಉಡುಪಿನಲ್ಲಿ, ಹೊಟ್ಟೆಯನ್ನು ಬೆನ್ನಿಗೆ ಎಳೆದುಕೊಂಡು ನಿಂತ. (ಹೊಟ್ಟೆ ಒಳಗೆಳೆದರೆ ತೂಕ ಇಳಿಯುತ್ತದೆಂದು ಅವನಿಗೆ ಯಾರು ಹೇಳಿದರೋ.)

"ನೋಡಪ್ಪ, ಮಧ್ಯಾಹ್ನಕ್ಕೆ ಮೋಡ ಕವಿಯುತ್ತೆ. ಆಮೇಲೆ ಒಂದು ವಾರ ಹಾರೋಕಾಗಲ್ಲ. ಇರೋದು ಇದೊಂದೇ ಸವಾರಿ" ಎಂದ ಕ್ಲೈಡ್. "ನೀನು ಹೋಗೋದಾದ್ರೆ ಮೂಟೆ ಇಲ್ಲೇ ಬಿಡು. ಮೂಟೆ ಹೋಗೋದಾದ್ರೆ ನೀನು ಇಲ್ಲೇ ಇರು."

"ಬಂದೂಕು, ಅಕ್ಕಿ, ಹಾಸಿಗೆ ಏನೂ ಇಲ್ದೆ ಅಲ್ಲಿ ಹೋಗಿ ಏನು ಮಾಡ್ಲಿ?"

"ನಾನು ಇಲ್ಲಿ ಹತ್ತಿ ನೋಡ್ಲಾ?" ಎಂದಳು ಲೋರೇನ್.

ಹತ್ತಿದಳು. ಮುಳ್ಳು ನೂರ ಮೂವತ್ತೈದಕ್ಕೆ ನಿಂತಿತು. ಕ್ಲೈಡ್ ಬೆರಳು ಮಡಚಿ ಲೆಕ್ಕ ಹಾಕಿ, "ಮೂಟೆ ಸೇರಿಸಿದ್ರೂ ಇನ್ನೂ ಐವತ್ತು ಪೌಂಡು ಖಾಲಿ ಇದೆ" ಎಂದ. ಅವಳು ನೇರ ಟ್ರಕ್ಕಿನ ಕಡೆ ನಡೆದಳು. ಮಾಂಸದ ಚೀಲಗಳು, ತಾಡಪತ್ರಿ, ತನ್ನ ಬೂಟು ಎಲ್ಲ ಹೊತ್ತು ತಂದಳು. ಕೈಚೀಲದಲ್ಲಿ ಬೇಟೆಯ ಪರವಾನಗಿ ಇತ್ತು. ಆ ಊರಿನಲ್ಲಿ ಅದಿಲ್ಲದ ಹೆಂಗಸೇ ಇಲ್ಲ.

"ನೀನು? ನೀನು ಹೋಗ್ತೀಯಾ?" ವೆಂಡೆಲ್‌ನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಯಾರಾದ್ರೂ ಹೋಗಬೇಕಲ್ಲ. ಇನ್ನೊಂದು ಚಳಿಗಾಲ ಆ ಡಬ್ಬಿ ಮೀನು ನನ್ನ ಕೈಲಾಗಲ್ಲ" ಎನ್ನುತ್ತ ಅವನ ಪ್ಯಾಂಟನ್ನು ತನ್ನ ಬಟ್ಟೆಯ ಮೇಲೆಯೇ ಏರಿಸಿ ಬೆಲ್ಟು ಬಿಗಿದಳು, ಕೋಟು ತೊಟ್ಟಳು. "ನಿನಗೆ ಮನೇಲಿ ಬೇರೆ ಬಟ್ಟೆ ಇದೆಯಲ್ಲ. ನಾನು ಅಲ್ಲಿ ಚಳೀಲಿ ಸಾಯಬೇಕಾ?"

ನ್ಯಾಯವಾದ ಮಾತು. ವೆಂಡೆಲ್‌ಗೆ ಬಂದೂಕು ಕೈಗೆ ಕೊಡುವುದು ಬಿಟ್ಟು ಬೇರೇನೂ ತೋಚಲಿಲ್ಲ. ವಿಮಾನ ನೀರು ಚಿಮ್ಮಿಸುತ್ತ ಓಡಿ, ಮೇಲೆದ್ದು, ಗುಡ್ಡದ ಆಚೆ ಮರೆಯಾಯಿತು. ಬೂಟು ಹಾಕಿಕೊಂಡು ಟ್ರಕ್ಕಿನ ಬಾಗಿಲಿನ ತನಕ ಹೋದವನು ಅಭ್ಯಾಸದಂತೆ ಜೇಬಿಗೆ ಕೈಹಾಕಲು ಹೋದ. ಜೇಬೇ ಇರಲಿಲ್ಲ. ಕೀಲಿ ಪ್ಯಾಂಟಿನಲ್ಲಿತ್ತು. ಪ್ಯಾಂಟು ಆಕಾಶದಲ್ಲಿತ್ತು.

ಊರಿನ ದಾರಿಯಲ್ಲಿ ಕೆಂಪು ಉಡುಪಿನಲ್ಲಿ ನಡೆದು ಬರುತ್ತಿದ್ದವನ ಪಕ್ಕದಲ್ಲಿ ಒಂದು ಗಾಡಿ ನಿಂತಿತು. ನೆರೆಮನೆಯ ಇರ್ಮಾ, ಎಪ್ಪತ್ತು ದಾಟಿದವಳು. ಅವನನ್ನು ಬೂಟಿನಿಂದ ತಲೆಯ ತನಕ ನೋಡಿದಳು.

"ಕರಡಿ ಅಟ್ಟಿಸ್ಕೊಂಡು ಬಂತೇನೋ ಮಗನೇ?"

"ಇಲ್ಲ."

"ಮತ್ತೆ ನೀನು ಬೇಟೆಗೆ ಹೋಗ್ಲಿಲ್ವಾ?"

"ಲೋರೇನ್ ಹೋದ್ಳು" ಎಂದ ವೆಂಡೆಲ್, ನೆಲ ನೋಡುತ್ತ.

ಅಯ್ಯೋ ಪಾಪ ಎಂದಾಳು ಎಂದುಕೊಂಡಿದ್ದ. ಇರ್ಮಾಳ ಮುಖ ಹೂವಿನಂತೆ ಅರಳಿತು.

"ಸದ್ಯ. ಹತ್ತು ಬೇಗ" ಎಂದು ಬಾಗಿಲು ತೆರೆದಳು. "ದಾರೀಲಿ ಅಂಗಡಿ ಮುಂದೆ ಒಂದು ನಿಮಿಷ ನಿಲ್ಲಿಸ್ತೀನಿ, ನೀನು ಇಳಿದು ತಗೊಂಡು ಬಾ. ಚಳಿಗಾಲಕ್ಕೆ ಮಾಂಸ ಸುತ್ತಿಡೋ ಕಾಗದ ಈ ಸಲ ಎರಡು ಸುರುಳಿ ಬೇಕಾಗುತ್ತೆ."