ಮೊಜಾಂಬಿಕ್ ಪರವಾಗಿ ಗೊಳಸಂಗಿಯ ಹುಡುಗಿ

ಜಗತ್ತಿನ ಯಾವ ಮೂಲೆಯಲ್ಲಿ ಗದ್ದಲವಾದರೂ ಅದರ ಪೆಟ್ಟು ಕೊನೆಗೆ ಬಂದು ಬೀಳುವುದು ನನ್ನ ಹಾಜರಿ ಪುಸ್ತಕದ ಮೇಲೆ. ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಹೀಗೆ ನಾಲ್ಕು ಊರಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡಿ ಅಂತಾರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತಿದ್ದೆ. ಕ್ಲಾಸಿನಲ್ಲಿ ಹದಿನೈದು ಮಕ್ಕಳಿರಬೇಕು, ಒಬ್ಬರು ಕಡಿಮೆಯಾದರೂ ವಿಷಯ ಬಂದ್. ವಿಷಯ ಬಂದಾದರೆ ಮೇಡಂ ಮನೆಗೆ. ಹೀಗಾಗಿ ದೇಶಗಳು ಒಂದಾಗುವ ಪಾಠ ಮಾಡುವಾಗಲೂ ನನ್ನ ಕಣ್ಣು ಬೆಂಚಿನ ಮೇಲಿನ ತಲೆಗಳನ್ನೇ ಎಣಿಸುತ್ತಿತ್ತು.

೧. ಒಂದಾಗುವ ಸಭೆ

ನಾಲ್ಕೂ ಕಾಲೇಜು ಸೇರಿ ಒಂದು ವಿಚಾರ ಸಂಕಿರಣ ಮಾಡೋಣ ಎಂದು ಸಲಹೆ ಕೊಟ್ಟವಳು ನಾನೇ. ವಿಷಯ, ‘ಪ್ರಾದೇಶಿಕ ಏಕೀಕರಣ’. ಪ್ರಿನ್ಸಿಪಾಲರೆಲ್ಲ ಫೋನಿನಲ್ಲಿ ಕೂಡಿದರು.

“ಮೊದಲು ಒಪ್ಪಿದವರು ನಾವು, ನಮ್ಮಲ್ಲೇ ಆಗಬೇಕ್ರಿ,” ಎಂದರು ಮುದ್ದೇಬಿಹಾಳದವರು.

“ಹೊಸಾ ಹಾಲ್ ಇರೂದು ನಮ್ಮಲ್ಲಿ,” ಎಂದರು ಬಾಗೇವಾಡಿಯವರು.

“ಊಟ ನಮ್ಮಲ್ಲಿ ಛಲೋ ಆಕ್ಕೈತಿ,” ಎಂದರು ಸಿಂದಗಿಯವರು.

ಇಂಡಿಯವರು ಎಲ್ಲರ ಮಾತು ಮುಗಿದ ಮೇಲೆ, “ಅವರಲ್ಲಿ ಆದ್ರ ನಾವು ಬರಂಗಿಲ್ಲ,” ಎಂದರು. ಯಾರಲ್ಲಿ ಎಂದು ಹೇಳಲಿಲ್ಲ.

ತಿಂಗಳು ಎಳೆದಾಡಿ ಒಂದು ತೀರ್ಮಾನವಾಯಿತು. ಒಂದೇ ದಿನ, ಒಂದೇ ಹೊತ್ತಿಗೆ, ನಾಲ್ಕೂ ಊರಿನಲ್ಲಿ ಬೇರೆ ಬೇರೆ ಸಂಕಿರಣ. ನಾಲ್ಕೂ ಆಮಂತ್ರಣ ಪತ್ರಿಕೆಯಲ್ಲಿ ಪ್ರಾಸ್ತಾವಿಕ ನುಡಿ ನನ್ನದೇ. ಮುದ್ದೇಬಿಹಾಳದಲ್ಲಿ ದೀಪ ಹಚ್ಚುವಾಗ ಇದ್ದೆ. ಬಾಗೇವಾಡಿ ಮುಟ್ಟಿದಾಗ ಊಟ ಮುಗಿದು ಎಲೆ ಎತ್ತುತ್ತಿದ್ದರು. ಹೂವಿನ ಹಿಪ್ಪರಗಿಯಲ್ಲಿ ಬಸ್ ಕೆಟ್ಟು, ಸಿಂದಗಿಯಲ್ಲಿ ಕುರ್ಚಿ ಒಟ್ಟುವವರಿಗೆ ಭಾಷಣ ಮಾಡಿದೆ. ಇಂಡಿಗೆ ಹೋಗಲಾಗಲೇ ಇಲ್ಲ. ಮರುದಿನ ನಾಲ್ಕೂ ಕಡೆಯಿಂದ ಠರಾವು ಬಂದವು. ನಾಲ್ಕರಲ್ಲೂ ಬರೆದದ್ದು ಒಂದೇ, ‘ಎಲ್ಲರೂ ಒಂದಾಗಬೇಕು.’

ಆ ವರ್ಷವೇ ಮುದ್ದೇಬಿಹಾಳದಲ್ಲಿ ತಲೆ ಕಡಿಮೆಯಾಗಿ ನನ್ನ ವಿಷಯ ಬಂದಾಯಿತು. ಅದಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.

೨. ಬೋರ್‌ವೆಲ್ ಕಮಿಟಿ

ಸಿಂದಗಿಯಲ್ಲಿ ನಮ್ಮ ನೆರೆಹೊರೆಯ ದೇಶಗಳು ಕಟ್ಟಿಕೊಂಡ ಕೂಟದ ಪಾಠ ನಡೆದಿತ್ತು. ಕಚೇರಿ ಇದೆ, ಅಧಿಕಾರಿಗಳಿದ್ದಾರೆ, ಆದರೆ ನಾಯಕರು ಒಟ್ಟಿಗೆ ಕೂತು ಎಷ್ಟೋ ವರ್ಷವಾಯಿತು ಎಂದೆ. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ.

“ಯಾಕ್ರಿ ಮೇಡಂ?”

“ಒಬ್ಬರು ಒಲ್ಲೆ ಅಂದ್ರೂ ಸಭಾ ಇಲ್ಲಪ್ಪ. ಎಲ್ಲಾರೂ ಒಪ್ಪಬೇಕು.”

“ಹಂಗಾರ ನಮ್ಮ ಓಣಿ ಬೋರ್‌ವೆಲ್ ಕಮಿಟಿ ಇದ್ದಂಗ ಆತ್ರಿ.”

ಒಳ್ಳೆ ಉದಾಹರಣೆ ಸಿಕ್ಕಿತೆಂದು ನನಗೆ ಖುಷಿ. “ಹೌದಾ? ಹೆಂಗ ನಡದೈತಿ ಅದು?”

“ಮೋಟಾರ್ ಸುಟ್ಟು ಒಂಬತ್ತು ವರ್ಷ ಆತ್ರಿ. ಕಮಿಟಿ ಛಲೋ ನಡದೈತಿ.”

ಮುಂದಿನ ವರ್ಷ ಅಲ್ಲಿ ಹನ್ನೊಂದೇ ತಲೆ ಉಳಿದು ಅಲ್ಲಿಯೂ ವಿಷಯ ಹೋಯಿತು. ಬಾಗಿಲ ಮೇಲೆ ‘ರಾಜ್ಯಶಾಸ್ತ್ರ ವಿಭಾಗ’ ಎನ್ನುವ ಬೋರ್ಡು ಮಾತ್ರ ಇನ್ನೂ ಇದೆ.

೩. ಹತ್ತು ದಿನದ ಲಿಂಬೆ

ಇಂಡಿಯಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ಲಿಂಬೆ ವ್ಯಾಪಾರಿ. ಕಾಯಿ ಆರಿಸಿ, ಪೆಟ್ಟಿಗೆ ತುಂಬಿ, ಕೊಲ್ಲಿ ದೇಶಗಳಿಗೆ ಕಳಿಸುತ್ತಿದ್ದರು. ಆ ಕಡೆ ಯುದ್ಧ ಶುರುವಾಗಿ ಹಡಗುಗಳು ನಿಂತವು. ನಾನು ಕರಿಹಲಗೆಯ ಮೇಲೆ ಸಮುದ್ರ ಬರೆದು, ಯಾವ ದೇಶ ಯಾರ ಕಡೆ ಎಂದು ಬಾಣ ಹಾಕಿ ತೋರಿಸಿದೆ. ಹುಡುಗ ಎಲ್ಲವನ್ನೂ ಬರೆದುಕೊಂಡ.

“ಮೇಡಂ, ಇದು ಯಾವಾಗ ಮುಗೀತೈತ್ರಿ? ಮನ್ಯಾಗ ಅಬ್ಬಾ ಕೇಳ್ಯಾರ.”

“ತಜ್ಞರಿಗೇ ಗೊತ್ತಿಲ್ಲಪ್ಪ. ಒಬ್ಬೊಬ್ಬರು ಒಂದೊಂದು ಹೇಳ್ತಾರ. ವರ್ಷ ಆದ್ರೂ ಆಗಬಹುದು.”

ಮರುದಿನ ತಂದೆಯೇ ಚೀಲ ಲಿಂಬೆ ಹಿಡಿದು ಬಂದರು. “ಮೇಡಂ, ಲಿಂಬಿ ಹತ್ತು ದಿನಾ ತಡೀತಾವ್ರಿ. ಅಷ್ಟರಾಗ ಒಂದು ಮಾತಿಗೆ ಬರ್ರಿ ಅಂತ ನಿಮ್ಮ ತಜ್ಞರಿಗೆ ಹೇಳ್ರಿ.”

ಹತ್ತು ದಿನ ಕಳೆದವು. ಕಾಯಿ ಆರಿಸುತ್ತಿದ್ದ ಹೆಣ್ಣುಮಕ್ಕಳು ಮನೆಯಲ್ಲಿ ಕೂತರು. ಹುಡುಗ ಹೆಸರು ತೆಗೆಸಿ ದುಡಿಯಲು ಪುಣೆಗೆ ಹೋದ. ಅವನೇ ನನ್ನ ಹದಿನೈದನೆಯವನು. ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಕಾಲೇಜಿನವರೆಲ್ಲ ಆ ವಾರ ಲಿಂಬೆ ಶರಬತ್ತು ಕುಡಿದರು. ನನ್ನನ್ನು ಬೀಳ್ಕೊಟ್ಟದ್ದೂ ಅದೇ ಶರಬತ್ತಿನಲ್ಲಿ.

೪. ಎರಡು ಕುರ್ಚಿ, ಒಬ್ಬ ಹುಡುಗಿ

ಉಳಿದದ್ದು ಬಾಗೇವಾಡಿ ಒಂದೇ. ಸರಿಯಾಗಿ ಹದಿನೈದು ತಲೆ. ಈ ಮಕ್ಕಳನ್ನು ಹೇಗಾದರೂ ಹಿಡಿದಿಡಬೇಕೆಂದು ಕ್ಲಾಸಿನಲ್ಲೇ ಅಣಕು ಶೃಂಗಸಭೆ ಇಟ್ಟೆ. ಕುರ್ಚಿ ದುಂಡಗೆ ಹಾಕಿ, ರಟ್ಟಿನ ಮೇಲೆ ದೇಶಗಳ ಹೆಸರು ಬರೆದು ಎದುರಿಗೆ ನಿಲ್ಲಿಸಿದೆವು. ಅಂದು ಹೊಲದ ಕೆಲಸವೆಂದು ಅರ್ಧ ಕ್ಲಾಸು ಬಂದಿರಲಿಲ್ಲ. ದೇಶ ಜಾಸ್ತಿ, ಮಂದಿ ಕಡಿಮೆ. ಮಾತಿನಲ್ಲಿ ಜೋರಾಗಿದ್ದ ಗೊಳಸಂಗಿಯ ಹುಡುಗಿಗೆ ಎರಡು ಕುರ್ಚಿ ಕೊಟ್ಟೆ. ಒಂದು ಭಾರತ, ಒಂದು ಮೊಜಾಂಬಿಕ್. ವಿಷಯ, ಸುಂಕವಿಲ್ಲದೆ ತೊಗರಿ ತರಿಸುವುದು.

ಹುಡುಗಿ ಮೊಜಾಂಬಿಕ್ ಕುರ್ಚಿಯಲ್ಲಿ ಕೂತು, “ನಮ್ಮ ರೈತರು ನಿಮ್ಮನ್ನ ನಂಬಿ ತೊಗರಿ ಬಿತ್ಯಾರ. ಸುಂಕ ಹಾಕಬ್ಯಾಡ್ರಿ,” ಎಂದಳು. ಎದ್ದು ಹೋಗಿ ಭಾರತದ ಕುರ್ಚಿಯಲ್ಲಿ ಕೂತು, “ನಮ್ಮ ಶಹರದ ಮಂದಿಗೆ ಬ್ಯಾಳಿ ಸೋವಿ ಆಗಬೇಕಾಗೈತಿ. ಹಾಕಂಗಿಲ್ಲ, ಕಳಸ್ರಿ,” ಎಂದಳು. ಮತ್ತೆ ಈಚೆ ಬಂದು ತನ್ನ ಒಂದು ಕೈಯಿಂದ ಇನ್ನೊಂದು ಕೈ ಕುಲುಕಿದಳು. ಅಷ್ಟು ಬೇಗ ಮುಗಿದ ಮಾತುಕತೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಒಂದು ಕಾಗದ.

“ಏನವ್ವಾ, ಮನ್ಯಾಗ ತೊಗರಿ ಚೀಲ ರೇಟ್ ಇಲ್ದ ಹಂಗ ಬಿದ್ದಾವು. ನೀ ಇಲ್ಲಿ ಕುಂತು ಹೊರಗಿಂದ ತರಸಾಕತ್ತೀಯೇನು?”

“ಅಪ್ಪಾ, ನಿಂದ್ರು. ನಾ ಈಗ ಮೊಜಾಂಬಿಕ್.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಅವರನ್ನು ಒಳಗೆ ಕರೆದೆ. ಅವರು ಒಂದು ಸುತ್ತು ಹಾಕಿ ರಟ್ಟಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು.

“ಮೇಡಂ, ಈ ಕುರ್ಚಿ ಪರವಾಗಿ ಮಾತಾಡಾಕಿ ನನ್ನ ಮಗಳು. ಆ ಕುರ್ಚಿಗೂ ನನ್ನ ಮಗಳ. ನನ್ನ ಪರವಾಗಿ ಮಾತಾಡಾವ್ರು ಯಾರ್ರಿ?”

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ರೈತನಿಗೂ ಒಂದು ಕುರ್ಚಿ ಹಾಕಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಏನಾದರೂ ಹೇಳಬೇಕಲ್ಲ, “ಅದು ಸಿಲೆಬಸ್‌ನ್ಯಾಗ ಇಲ್ರಿ,” ಎಂದೆ.

ಅವರು ನಕ್ಕು ಕೈಯಲ್ಲಿದ್ದ ಕಾಗದ ಕೊಟ್ಟರು. ಮಗಳ ಟಿ.ಸಿ. ಅರ್ಜಿ. ನನ್ನ ಸಹಿ ಬೇಕಿತ್ತು.

“ವಿಜಯಪುರದಾಗ ನರ್ಸಿಂಗ್ ಸೀಟ್ ಸಿಕ್ಕೈತ್ರಿ. ಅದನ್ನ ಓದಿದ್ರ ಖರೇನ ಫಾರಿನ್‌ಗೆ ಹೋಗ್ತಾಳ. ಇಲ್ಲಿ ಓದಿದ್ರ ರಟ್ಟಿನ ಮುಂದ ಕುಂದರ್ತಾಳ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪೆನ್ನು ತೆಗೆದೆ. ಸಹಿಯ ಬದಲು ಹಾಜರಿ ಪುಸ್ತಕ ತೆರೆದೆ.

“ಈಕಿ ಹೋದ್ರ ಹದಿನಾಲ್ಕು ಉಳಿತಾರ್ರಿ,” ಎಂದೆ. “ಹದಿನಾಲ್ಕು ಆದ್ರ ವಿಷಯ ಬಂದ್. ನಾನೂ ಮನಿಗೆ. ನನಗ ಇದೊಂದ ಕಾಲೇಜ್ ಉಳದಿತ್ತು.”

ಅವರ ಮುಖ ಸಣ್ಣದಾಯಿತು. ಟವೆಲ್ ತೆಗೆದು ಮುಖ ಒರೆಸಿಕೊಂಡರು. ಕಾಗದ ಹಿಂದೆ ತೆಗೆದುಕೊಳ್ಳಲೋ ಬೇಡವೋ ಎಂದು ಕೈ ಚಾಚಿ, ಮತ್ತೆ ಬಿಟ್ಟರು. ಮಗಳ ಸೀಟು ಅದು, ಬಿಡಲಾಗದು.

“ಹಂಗಾರ ಮೇಡಂ, ನಿಮ್ಮ ಪರವಾಗಿ ಮಾತಾಡಾವ್ರು ಯಾರ್ರಿ?”

ಅವರು ಅಣಕಿಸಲಿಲ್ಲ, ನಿಜವಾಗಿಯೂ ಕೇಳಿದರು. ಉತ್ತರ ಬಂದದ್ದು ಮೊಜಾಂಬಿಕ್ ಕುರ್ಚಿಯಿಂದ.

“ಅಪ್ಪಾ, ಅದೂ ಸಿಲೆಬಸ್‌ನ್ಯಾಗ ಇಲ್ಲ.”

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನಕ್ಕು ಮುಗಿಸಿ, ಸಹಿ ಮಾಡಿದೆ.