ಹೀಟರಿನ ಪಿಕಪ್ಪಿನಲ್ಲಿ ಬಂದ ಮೊಮ್ಮಗಳು

ನಮ್ಮ ಮೊಮ್ಮಗಳು ಮನೆಗೆ ಬಂದಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಪಾಣೆಮಂಗಳೂರು ಪೇಟೆಯಲ್ಲಿ ಈ ಸುದ್ದಿ ನನ್ನ ಬಾಯಿಂದ ಕೇಳದವರು ಇಬ್ಬರೇ: ಒಬ್ಬರಿಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬರು ನನ್ನನ್ನು ಕಂಡ ಕೂಡಲೇ ಬಸ್ಸು ಹತ್ತಿದರು.

ಸೊಸೆ ವಾರಿಜ ಹೆರಿಗೆಗೆ ಶಿರ್ತಾಡಿಯ ತವರಿಗೆ ಹೋಗಿದ್ದಳು. ಮಗುವನ್ನು ಕರೆತರಲು ನಾವು ಹೊರಟ ದಿನದ ಮರುದಿನವೇ ಆಟಿ, ಅಂದರೆ ನಮ್ಮ ತುಳುವರ ಆಷಾಢ, ಶುರು. ಆಟಿಯಲ್ಲಿ ಮಗುವನ್ನು ಮೊದಲ ಸಲ ಮನೆಗೆ ಕರೆತರುವುದಿಲ್ಲ. ಅಂದು ತಾರದಿದ್ದರೆ ನಾನು ಇನ್ನೊಂದು ತಿಂಗಳು ಕಾಯಬೇಕು. ವಾಹನವೆಂದರೆ ಮಗ ಜಯಂತ ಹಂಚು ಸಾಗಿಸುವ ಹಳೆಯ ಪಿಕಪ್ಪು. ಘಟ್ಟದ ಮೇಲಿನ ಕಾಫಿ ತೋಟದಿಂದ ಬಂದದ್ದರಿಂದ ಅದರಲ್ಲೊಂದು ಹೀಟರ್ ಉಂಟು. ನಮ್ಮ ಸೆಕೆಗೆ ಹೀಟರ್! ಎರಡು ವರ್ಷ ಸುಮ್ಮನಿದ್ದದ್ದು ಆ ವಾರ ಬಿಸಿಗಾಳಿ ಕಾರತೊಡಗಿತು. ಅದರ ಹಿಡಿಯನ್ನು ತಣ್ಣಗಿನ ಕಡೆಗೆ ತಳ್ಳಿದರೂ ಬಿಸಿಯೇ. ಹೀಟರನ್ನು ಹುಟ್ಟಿದಂದಿನಿಂದ ಕಾಣದ ಬಂಟ್ವಾಳದ ಮೆಕ್ಯಾನಿಕ್ ರೇಡಿಯೇಟರಿಗೆ ಒಂದು ಕೊಡ ನೀರು ಹೊಯ್ದು, “ಇನ್ನೇನು ತೊಂದರೆ ಇಲ್ಲ” ಎಂದ.

ಗ್ಲಾಸು ಇಳಿಸಿಕೊಂಡು, ಮಳೆಗೆ ಅರ್ಧ ನೆನೆದು ಹೀಟರಿಗೆ ಅರ್ಧ ಬೆಂದು ಶಿರ್ತಾಡಿ ತಲುಪಿದೆವು. ಹೊರಡುವಾಗ ನನ್ನ ಹೆಂಡತಿ ಕಲ್ಯಾಣಿ, “ಗ್ಲಾಸು ಏರಿಸು ಜಯಂತ, ಬಾಣಂತಿಗೆ ಗಾಳಿ ತಾಗಬಾರದು” ಎಂದಳು.

“ಏರಿಸಿದರೆ ಮಗು ಕಡುಬಿನ ಹಾಗೆ ಬೇಯ್ತದೆ ಅಮ್ಮ!”

“ಹಾಗಾದ್ರೆ ಆಟಿ ಕಳೆದ ಮೇಲೆ ಬಂದು ಕರಕೊಂಡು ಹೋಗುವ.”

ಇನ್ನೊಂದು ತಿಂಗಳು ಕಾಯುವುದು ನನ್ನಿಂದಾಗದು! ಮೂರನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಆದರೂ ಬಾನೆಟ್ ತೆಗೆಸಿದೆ. ಹೀಟರಿಗೆ ಎರಡು ರಬ್ಬರ್ ಪೈಪು: ಒಂದರಲ್ಲಿ ಇಂಜಿನಿನ ಬಿಸಿನೀರು ಹೋಗುತ್ತದೆ, ಇನ್ನೊಂದರಲ್ಲಿ ಹಿಂದೆ ಬರುತ್ತದೆ. ಮುಟ್ಟಿ ನೋಡಿದೆ, ಎರಡೂ ಸುಡುತ್ತಿದ್ದವು. ಗದ್ದೆಗೆ ನೀರು ಕಟ್ಟಿದವನಿಗೆ ಅಷ್ಟು ಸಾಕು.

“ನೀರು ಹರಿಯುತ್ತಾ ಉಂಟು ಮಾರಾಯ! ನೀನು ಹಿಡಿ ತಳ್ಳುತ್ತಿ, ಒಳಗೆ ತೂಬು ಮುಚ್ಚುವುದಿಲ್ಲ. ಹಿಡಿಗೂ ತೂಬಿಗೂ ನಡುವಿನ ತಂತಿ ನೋಡು.”

ಬೀಗರೆಲ್ಲ ಜಗಲಿಯಿಂದ ನೋಡುತ್ತಿದ್ದರು. ನಾನು ಶಾಲಿನ ತುದಿ ಸರಿಮಾಡಿಕೊಂಡೆ. ಹಿಡಿಯ ಕೆಳಗಿನ ಕತ್ತಲೆಗೆ ತಲೆ ತೂರಿಸಿದ ಜಯಂತ ಅಲ್ಲಿಂದಲೇ ಕೂಗಿದ.

“ಅಪ್ಪ, ನಿಮ್ಮ ಎಲೆಯಡಿಕೆ ಚೀಲ ಕಳೆದುಹೋಗಿ ಎಷ್ಟು ದಿನ ಆಯ್ತು?”

ಐದು ದಿನ. ಅದಕ್ಕಾಗಿ ಕಲ್ಯಾಣಿಯನ್ನು ಬೈದದ್ದೂ ಐದು ದಿನ. ಒಳ್ಳೆಯ ಕೊಕ್ಕೆಯೆಂದು ನಾನು ಚೀಲ ತೂಗಿಸಿ ಮರೆತದ್ದು ಹೀಟರಿನ ತಂತಿಗೆ! ಭಾರಕ್ಕೆ ತೂಬು ತೆರೆದುಕೊಂಡು, ತಂತಿ ಕೊಂಡಿಯಿಂದ ಕಳಚಿತ್ತು. ಕಲ್ಯಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜಗಲಿಯಲ್ಲಿದ್ದವರ ನಗುವಿಗೆ ಸೆರಗೂ ಸಾಲಲಿಲ್ಲ.

ತಂತಿ ಸಿಕ್ಕಿಸಿದ ಮೇಲೆ ಒಂದು ಪೈಪು ತಣಿಯಿತು, ಗ್ಲಾಸು ಏರಿತು, ಮಗು ನಿದ್ದೆ ಹೋಯಿತು. ಮುಂದಿನ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗವಿರಲಿಲ್ಲ. ಮೂಡುಬಿದಿರೆ ದಾಟಿ ಮನೆಯವರೆಗೆ ಹಿಂದುಗಡೆ ಟರ್ಪಾಲಿನಡಿಯಲ್ಲಿ ಗಡಗಡ ನಡುಗುತ್ತಾ ಬಂದೆ. ಹೀಟರಿನ ಬೆಲೆ ಅಂದು ತಿಳಿಯಿತು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು: ಕುಚ್ಚಲಕ್ಕಿ ಅನ್ನ, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ. ಪಕ್ಕದಲ್ಲೇ ತೊಟ್ಟಿಲು. ಚೀಲ ಎಲ್ಲಿಡಲಿ ಎಂದು ಅತ್ತಿತ್ತ ನೋಡಿದೆ. ತೊಟ್ಟಿಲಿನ ಹಗ್ಗ ಕೈಗೆಟಕುವಂತಿತ್ತು.

“ಅಲ್ಲಿ ಬೇಡ ಮಾರಾಯ್ರೇ!” ಎಂದಳು ಕಲ್ಯಾಣಿ.

ಮಗ, ಸೊಸೆ ಎಲ್ಲ ನಕ್ಕರು. ಮೊಮ್ಮಗಳೂ ಕಣ್ಣು ಬಿಟ್ಟಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.