ಗಾಳಿ ನೀರು ಅಳೆಯಲು ಹೋದವನ ಫಜೀತಿ

ಆಂಧ್ರದ ಗಡಿಯಲ್ಲಿರುವ ಆದವಾನಿ ಸುತ್ತಲಿನ ಕನ್ನಡದ ಹಳ್ಳಿಗಳಲ್ಲಿ ಗಾಳಿ, ನೀರು, ಹೊಗೆ, ಧೂಳು ಜನರ ಮೈಗೆ ಏನು ಮಾಡುತ್ತವೆ ಎಂದು ಪರೀಕ್ಷಿಸುವ ತಂಡದಲ್ಲಿ ನನ್ನದು ಊರೂರು ತಿರುಗುವ ಕೆಲಸ. ರೋಗ ಬರುವ ಮುಂಚೆಯೇ ತಡೆಯಬೇಕು ಎನ್ನುವುದು ನಮ್ಮ ತಂಡದ ಮಾತು. ರೋಗ ಎಷ್ಟು ತಡೆದೆನೋ ಗೊತ್ತಿಲ್ಲ, ನನ್ನ ಮಾನ ಹೋಗುವುದನ್ನು ಮಾತ್ರ ಒಂದು ಸಲವೂ ತಡೆಯಲು ಆಗಿಲ್ಲ.

ಹೊಸ ಮಷೀನು

ಗೋನೆಗಂಡ್ಲದ ಹತ್ತಿರ ಕುರಿ ಸಾಕುವವರ ಮನೆ. ಆ ಮನೆಯಾಕೆ ಹತ್ತಿ ಕಟ್ಟಿಗೆ ಉರಿಸಿ ಅಡುಗೆ ಮಾಡುತ್ತಿದ್ದಳು. ಒಲೆಯ ಮುಂದೆ ಆಕೆಯ ಎದೆಯೊಳಗೆ ಎಷ್ಟು ಹೊಗೆ ಹೋಗುತ್ತದೆ ಎಂದು ತಿಳಿಯಬೇಕಿತ್ತು. ಗಾಳಿ ಎಳೆದುಕೊಳ್ಳುವ ಪುಟ್ಟ ಯಂತ್ರವೊಂದನ್ನು ಆಕೆಯ ಕೊರಳಿಗೆ ಹಾಕಿ, "ಬಹಳ ತುಟ್ಟಿದು, ಜ್ವಾಕಿ ಅವ್ವಾ" ಎಂದು ಹೇಳಿ ಬಂದೆ.

ಫಲಿತಾಂಶ ನೋಡಿದರೆ ಆ ಮನೆಯ ಗಾಳಿ ಬೆಟ್ಟದ ಮೇಲಿನ ಗಾಳಿಯಷ್ಟು ಸ್ವಚ್ಛ! ನಾನು ಕುಣಿದುಬಿಟ್ಟೆ. ಒಲೆ ಯಾವ ದಿಕ್ಕಿಗಿದೆ, ಬಾಗಿಲು ಎಲ್ಲಿದೆ, ಗಾಳಿ ಹೇಗೆ ಸುಳಿಯುತ್ತದೆ ಎಂದು ಚಿತ್ರ ಬರೆದು, ಎಲ್ಲ ಮನೆಗಳನ್ನೂ ಹೀಗೆಯೇ ಕಟ್ಟಿಸಬೇಕು ಎಂದು ಮೀಟಿಂಗಿನಲ್ಲಿ ಭಾಷಣವನ್ನೂ ಮಾಡಿದೆ. ಚಪ್ಪಾಳೆಯೂ ಬಿತ್ತು. ಫೋಟೋ ತೆಗೆಯಲೆಂದು ಮತ್ತೆ ಆ ಮನೆಗೆ ಹೋದಾಗ ಒಳಗೆ ಹೊಗೆಯಲ್ಲಿ ಮನುಷ್ಯರೇ ಕಾಣಲಿಲ್ಲ.

"ಅವ್ವಾ, ಅವತ್ತು ಮಷೀನು ಕೊರಳಾಗ ಹಾಕ್ಕೊಂಡಿದ್ದಿಲ್ಲೇನು?"

ಆಕೆ ಕೆಮ್ಮುತ್ತ ಹೊರಗೆ ಬಂದು ಅಂಗಳದ ಬೇವಿನ ಮರ ತೋರಿಸಿದಳು. "ಅಲ್ಲಿ ತೂಗ ಹಾಕಿದ್ದೆ ಸಾರ್. ನನಗ ಹೊಗಿ ಕುಡದು ರೂಢಿ ಐತಿ. ಅದು ಹೊಸಾದಲ್ರಿ, ಪಾಪ, ಕೆಟ್ಟುಹೋಗತೈತಿ."

ಮುಟ್ಟಬ್ಯಾಡ

ಕೌತಾಳಂ ಕಡೆಯ ಒಂದು ಊರಿನಲ್ಲಿ ಬಹಳ ಮಂದಿಗೆ ಮೊಣಕಾಲು ನೋವು. ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಮೂಳೆ ಕೀಲುಗಳು ಕೆಡುತ್ತಿವೆ ಎಂಬುದು ನಮ್ಮ ಅನುಮಾನ. ಆ ನೀರನ್ನು ಬಾಟಲಿಗೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಬೆಳಿಗ್ಗೆ ಲ್ಯಾಬಿಗೆ ಕಳಿಸಬೇಕಿತ್ತು.

"ಅಮ್ಮಾ, ಈ ನೀರು ಬಹಳ ಜ್ವಾಕಿ. ಯಾರೂ ಮುಟ್ಟಬ್ಯಾಡ್ರಿ" ಎಂದೆ.

ನಮ್ಮದು ವೈಷ್ಣವರ ಮನೆ. 'ಮುಟ್ಟಬ್ಯಾಡ' ಎಂದರೆ ನಮ್ಮ ಅಮ್ಮನ ಕಿವಿಗೆ ಅದು ಮಡಿ ಎಂದೇ ಅರ್ಥ. ಕೌತಾಳಂ ಕಡೆಯಿಂದ, ಹೊಳೆಯ ಸೀಮೆಯಿಂದ ಬಂದ ನೀರು, ಅಂದಮೇಲೆ ತುಂಗಭದ್ರೆಯೇ ಎಂದು ತಿಳಿದ ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಬಾಟಲಿಯನ್ನು ದೇವರ ಮನೆಗೆ ಒಯ್ದು, ಅಭಿಷೇಕ ಮಾಡಿಸಿ, ತುಳಸಿ ಹಾಕಿ ಓಣಿಗೆಲ್ಲ ತೀರ್ಥ ಕೊಟ್ಟಿದ್ದಳು. ನಾನು ಏಳುವಷ್ಟರಲ್ಲಿ ಬಾಟಲಿ ತೊಳೆದು ಬೋರಲು ಹಾಕಿಯಾಗಿತ್ತು.

ಒಂದೊಂದು ಉದ್ಧರಣೆ ಚಮಚ ನೀರಿಗೆ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ದಿನವೆಲ್ಲ ಓಣಿಯ ಕಡೆಗೇ ಕಣ್ಣು. ಸಂಜೆ ಪಕ್ಕದ ಮನೆಯ ಅಜ್ಜಿ ನಮ್ಮ ಬಾಗಿಲಿಗೆ ಬಂದಾಗ ಅಮ್ಮನ ಹಿಂದೆ ಸರಿದು ನಿಂತೆ.

ಅಜ್ಜಿ ನಗುತ್ತಿದ್ದರು. "ನಿಮ್ಮಮ್ಮನ ತೀರ್ಥದ್ದು ಏನು ಮಹಿಮಾ ಅದನೋ ತಮ್ಮಾ! ಮೊಣಕಾಲು ನೋವು ಅರ್ಧ ಹೋಗೇದ. ಇನ್ನೊಂದು ಬಾಟ್ಲಿ ತಂದುಕೊಡು."

ಕಲ್ಲು

ಒಮ್ಮೆ ಕರಾವಳಿ ಆಂಧ್ರದಿಂದ ಒಬ್ಬ ಹಿರಿಯ ಅಧಿಕಾರಿ ನಮ್ಮ ಕೆಲಸ ನೋಡಲು ಬಂದರು. ಅವರಿಗೆ ಕನ್ನಡ ಬಾರದು. ನನಗೆ ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು ಎಂಬ ಜಂಬ. ಉರಿಬಿಸಿಲಿನಲ್ಲಿ ಒಬ್ಬ ಕುರಿಗಾರ ಮುದುಕ ನಮ್ಮನ್ನು ಬೋರಿನ ಹತ್ತಿರ ನಿಲ್ಲಿಸಿ, "ನಮ್ಮೂರಾಗ ಮನಿಗೊಬ್ಬರಿಗೆ ಕಲ್ಲು ಅದಾವ್ರಿ. ಎಲ್ಲಾ ಬೋರಿನ ನೀರಿಂದ" ಎಂದ. ಮೂತ್ರಪಿಂಡದ ಕಲ್ಲಿನ ಮಾತು.

ನಾನು ಗತ್ತಿನಿಂದ ತೆಲುಗಿಗೆ ತಿರುಗಿಸಿದೆ. ಎಲ್ಲ ಪದವನ್ನೂ ಬದಲಿಸಿದವನು 'ಕಲ್ಲು' ಒಂದನ್ನು ಹಾಗೇ ಬಿಟ್ಟೆ. ತೆಲುಗಿನಲ್ಲಿ ಕಲ್ಲು ಎಂದರೆ ಈಚಲ ಮರದಿಂದ ಇಳಿಸುವ ಹೆಂಡ! ಈ ಊರಲ್ಲಿ ಮನೆಗೊಬ್ಬರ ಹತ್ತಿರ ಹೆಂಡ ಇದೆ, ಎಲ್ಲ ಬೋರಿನಿಂದಲೇ ಬರುತ್ತದೆ ಎಂದಂತಾಯಿತು.

ಸಾಹೇಬರು ಬೆವರು ಒರೆಸಿಕೊಂಡರು. ಸುತ್ತ ಕಾಣುವ ಬೋರುಗಳ ಮೇಲೆಲ್ಲ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಏ ಬೋರಯ್ಯಾ?"

ಯಾವ ಬೋರು ಅಂತ.

ಮಾಡಿ ತೋರಿಸಿದ್ದು

ಮಳೆಗಾಲದಲ್ಲಿ ಒಂದು ಹಳ್ಳಿಯಲ್ಲಿ ವಾಂತಿಭೇದಿ ಶುರುವಾಗಿತ್ತು. ಮಕ್ಕಳು ಸುಸ್ತಾಗಿ ಮಲಗಿದ್ದವು, ತಾಯಂದಿರ ಮುಖದಲ್ಲಿ ಜೀವ ಇರಲಿಲ್ಲ. ಶಾಲೆಯ ಮುಂದೆ ಸಭೆ ಸೇರಿಸಿ ಮೈಕು ಹಿಡಿದೆ. ಬೀದಿಯಲ್ಲಿ ತೆರೆದಿಟ್ಟದ್ದು ತಿನ್ನಬೇಡಿ, ನೀರು ಕುದಿಸಿ, ಕೈ ತೊಳೆಯಿರಿ, ಪಾಯಖಾನೆಯನ್ನೇ ಬಳಸಿ ಎಂದು ಜೋರಾಗಿ ಹೇಳುತ್ತಿದ್ದೆ. ಅವತ್ತು ಬೆಳಿಗ್ಗೆ ಆದವಾನಿ ಬಸ್‌ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲಿ ಮಂಡಕ್ಕಿಯ ಉಗ್ಗಾನಿ, ಮಿರ್ಚಿ ಬಜ್ಜಿ ಹೊಡೆದು, ಚಟ್ನಿ ಎರಡೆರಡು ಸಲ ಹಾಕಿಸಿಕೊಂಡಿದ್ದೆ. ಅದರ ಸುದ್ದಿ ಮೊದಲು ತಿಳಿದದ್ದು ಮೈಕಿಗೆ. ನನ್ನ ಹೊಟ್ಟೆ ಗುಡುಗಿದ್ದು ಊರ ಕೊನೆಯ ಮನೆಗೂ ಕೇಳಿಸಿತು.

ಮಾತು ಅರ್ಧಕ್ಕೆ ಬಿಟ್ಟು ಊರ ಹಿರಿಯರೊಬ್ಬರ ಮುಖ ನೋಡಿದೆ. ಅವರು ಕೈ ಹಿಡಿದು ತಮ್ಮ ಮನೆಗೆ ಓಡಿಸಿಕೊಂಡು ಹೋದರು. ಹಿತ್ತಿಲಲ್ಲಿ ಹೊಸ ಪಾಯಖಾನೆ. ಬಾಗಿಲು ತೆಗೆದರೆ ಕೆಳಗಿನಿಂದ ಸೂರಿನ ತನಕ ಉಳ್ಳಾಗಡ್ಡಿ ಚೀಲ!

"ಧಾರಣಿ ಏರಲಿ ಅಂತ ಇಟ್ಟೇವ್ರಿ" ಎಂದರು ಹಿರಿಯರು, ನಾಚಿಕೊಂಡು.

ಸಭೆಯೆಲ್ಲ ಎದ್ದು ಬಂದು ಸಾಲಾಗಿ ನಿಂತು ಚೀಲ ಹೊರಗೆ ದಾಟಿಸತೊಡಗಿತು. ನಾನು ಗೋಡೆ ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತಿದ್ದೆ. "ಇನ್ನ ನಾಕ ಚೀಲ, ತಡಕೋರಿ ಸಾರ್" ಎಂದು ಹಿರಿಯರ ಹೆಂಡತಿ ಧೈರ್ಯ ಹೇಳಿದರು.

ಕೆಲಸ ಮುಗಿಸಿ ಹೊರಗೆ ಬಂದರೆ ಒಬ್ಬಾಕೆ ಸೋಪು ಹಿಡಿದು ದಾರಿಗೆ ಅಡ್ಡ ನಿಂತಿದ್ದಳು. "ಉಗುರಿನ ಸಂದಿ ತಿಕ್ಕೋರಿ. ನೀವ ಹೇಳಿದ್ರಲ್ಲ." ಬಾಯಿ ಒಣಗಿ ನೀರು ಕೇಳಿದೆ. "ಕುದೀಲಿಕ್ಕೆ ಇಟ್ಟೇವಿ, ಆರೋ ತನಕ ಸುಮ್ಮ ಕುಂದರ್ರಿ" ಎಂದು ಇನ್ನೊಬ್ಬಾಕೆ ಗದರಿದಳು. ಆರಿದ ಮೇಲೆ ಉಪ್ಪು ಸಕ್ಕರೆ ಕಲಸಿ ಕುಡಿಸಿದರು. ಸಂಜೆ ಹಿರಿಯರೇ ಆಟೋದಲ್ಲಿ ಕೂರಿಸಿಕೊಂಡು ಬಂದು ಮನೆಗೆ ಮುಟ್ಟಿಸಿದರು. ನಾಚಿಕೆಗೆ ಅವರ ಮುಖ ನೋಡಲಾಗಲಿಲ್ಲ.

ಮುಂದಿನ ವಾರ ಹೆದರುತ್ತಲೇ ಆ ಊರಿಗೆ ಹೋದೆ. ಮಕ್ಕಳು ಚೇತರಿಸಿಕೊಂಡು ಬೀದಿಯಲ್ಲಿ ಆಡುತ್ತಿದ್ದವು. ಹಿರಿಯರ ಪಾಯಖಾನೆಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ, ಬಕೆಟ್ಟು ಇತ್ತು. ಜೀವ ತಂಪಾಗಿ, ಮಾನ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಶಾಲೆಯ ಕಡೆಯಿಂದ ಮೈಕಿನಲ್ಲಿ ಹಿರಿಯರ ದನಿ ಕೇಳಿಸಿತು:

"ಎಲ್ಲಾರೂ ಲಗೂನ ಬರ್ರಪಾ! ಸಾರ್ ಬಂದಾರ. ಬ್ಯಾರೇ ಆಫೀಸರು ಬರೇ ಬಾಯಿಲೆ ಹೇಳಿ ಹೋಗ್ತಾರ. ಇವರು ಪಾಪ, ನಮಗ ತಿಳೀಲಿ ಅಂತ ತಾವ ಮಾಡಿ ತೋರಸ್ತಾರ!"